ಪರ್ಷಿಯಾದ ಕುದುರೆ ವ್ಯಾಪಾರಿಯ ಮೊಮ್ಮಗ ಮೈಸೂರಿನ ದಿವಾನರಾದ ಕಥೆ: ಸರ್ ಮಿರ್ಜಾ ಇಸ್ಮಾಯಿಲ್ ಎಲ್ಲಿಯವರು?

ಜೈಪುರಕ್ಕೆ ಹೋದವರು ಎಂ.ಐ. ರೋಡ್ ನೋಡದೆ ಬರುವುದಿಲ್ಲ. ಆಭರಣದ ಅಂಗಡಿಗಳು, ಹಳೆಯ ಹೋಟೆಲ್‌ಗಳು ಸಾಲಾಗಿ ನಿಂತಿರುವ ಈ ರಸ್ತೆಯ ಪೂರ್ಣ ಹೆಸರು ಮಿರ್ಜಾ ಇಸ್ಮಾಯಿಲ್ ರೋಡ್. ಇದೇ ಹೆಸರಿನ ರಸ್ತೆ ಮೈಸೂರಿನಲ್ಲೂ ಇದೆ. ಬೆಂಗಳೂರಿನಲ್ಲಿರುವ ಅಲಿ ಅಸ್ಕರ್ ರಸ್ತೆ ಅವರ ತಾತನ ಹೆಸರಿನದು. ರಾಜಸ್ಥಾನದ ರಾಜಧಾನಿಯ ಮುಖ್ಯ ರಸ್ತೆಗೆ ಬೆಂಗಳೂರಿನಲ್ಲಿ ಹುಟ್ಟಿದ ವ್ಯಕ್ತಿಯ ಹೆಸರು ಬಂದದ್ದು ಹೇಗೆ? ಇರಾನ್‌ನ ಶಿರಾಜ್ ನಗರದಿಂದ ಹೊರಟ ಕುಟುಂಬವೊಂದು ಮೂರನೇ ತಲೆಮಾರಿಗೆ ಮೈಸೂರು ಸಂಸ್ಥಾನದ ಅತ್ಯುನ್ನತ ಹುದ್ದೆಗೆ ಏರಿದ್ದು ಹೇಗೆ?

ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ 15 ವರ್ಷ ಮೈಸೂರಿನ ದಿವಾನರಾಗಿದ್ದರು. ಬೃಂದಾವನ ಉದ್ಯಾನ, ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಪುರಭವನ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಲ್ಲದರ ಹಿಂದೆಯೂ ಅವರಿದ್ದಾರೆ. ಈ ಸಾಧನೆಗಳ ಪಟ್ಟಿಯನ್ನು ಬಹಳ ಮಂದಿ ಓದಿದ್ದಾರೆ. ಆದರೆ ಅವರ ಬದುಕಿನುದ್ದಕ್ಕೂ ಕೇಳಿಬಂದ ಇನ್ನೊಂದು ಪ್ರಶ್ನೆ ಅಷ್ಟಾಗಿ ಚರ್ಚೆಯಾಗಿಲ್ಲ. ಅವರು ಯಾರ ಪೈಕಿ? ಪರ್ಷಿಯನ್ನರೇ, ಮುಸ್ಲಿಮರೇ, ಮೈಸೂರಿಗರೇ? ಮೂರು ಸಂಸ್ಥಾನಗಳು ಈ ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಟ್ಟವು.

200 ಕುದುರೆಗಳೊಂದಿಗೆ ಬಂದ ಹುಡುಗ

ಕಥೆ ಶುರುವಾಗುವುದು ತಾತ ಆಗಾ ಅಲಿ ಅಸ್ಕರ್ ಶಿರಾಜಿ ಅವರಿಂದ. ಹೆಸರಿನಲ್ಲಿರುವ ಶಿರಾಜಿ ಎಂದರೆ ಶಿರಾಜ್ ಊರಿನವರು ಎಂದರ್ಥ. ಅವರು ತಮ್ಮ ಸಹೋದರರ ಜೊತೆ ಸುಮಾರು 200 ಕುದುರೆಗಳನ್ನು ತೆಗೆದುಕೊಂಡು 1824ರಲ್ಲಿ ಬೆಂಗಳೂರಿಗೆ ಬಂದರು. ಆಗ ಅವರಿನ್ನೂ ಹದಿಹರೆಯದ ಹುಡುಗ.

ಪರ್ಷಿಯಾದಿಂದ ಮತ್ತು ಅರಬ್ ನಾಡುಗಳಿಂದ ದಕ್ಷಿಣ ಭಾರತಕ್ಕೆ ಕುದುರೆ ಬರುವುದು ಹೊಸ ಸಂಗತಿಯಾಗಿರಲಿಲ್ಲ. ವಿಜಯನಗರದ ಅರಸರ ಕಾಲದಲ್ಲೂ ಸಮುದ್ರ ದಾಟಿ ಬಂದ ಕುದುರೆಗಳಿಗೆ ಭಾರಿ ಬೆಲೆ ಇತ್ತು. ನಮ್ಮ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆಗಳನ್ನು ಬೆಳೆಸುವುದು ಕಷ್ಟವಾಗಿದ್ದೇ ಅದಕ್ಕೆ ಕಾರಣ. ಅಲಿ ಅಸ್ಕರ್ ಬಂದ ಹೊತ್ತಿಗೆ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿ ಒಂದೂವರೆ ದಶಕವಾಗಿತ್ತು. ಸೈನ್ಯ ಇದ್ದ ಕಡೆ ಕುದುರೆಗೆ ಗಿರಾಕಿ ಇದ್ದೇ ಇರುತ್ತಾರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿದ್ದರು. ಅವರಿಗೂ ಕುದುರೆ ಬೇಕಿತ್ತು.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಕಬ್ಬನ್ ಅವರಿಗೆ ಕುದುರೆಗಳೆಂದರೆ ಪ್ರಾಣ. ಈ ಒಲವೇ ಪರ್ಷಿಯಾದ ವ್ಯಾಪಾರಿಗೂ ಕಮಿಷನರ್‌ಗೂ ಸ್ನೇಹ ಬೆಳೆಸಿತು. ದಂಡು ಪ್ರದೇಶ ಬೆಳೆಯುತ್ತಿದ್ದಾಗ ಅಲಿ ಅಸ್ಕರ್ ಕಟ್ಟಡ ನಿರ್ಮಾಣಕ್ಕೂ ಕೈ ಹಾಕಿ, ಬೆಂಗಳೂರಿನಲ್ಲಿ ಸಾಲು ಸಾಲು ಬಂಗಲೆಗಳನ್ನು ಕಟ್ಟಿಸಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕುದುರೆ ಮಾರಿ ಊರಿಗೆ ವಾಪಸಾಗುವ ವ್ಯಾಪಾರಿಗೆ ಡೇರೆ ಸಾಕು, ಮನೆ ಬೇಕಿಲ್ಲ. ಅಲಿ ಅಸ್ಕರ್ ದುಡ್ಡನ್ನು ಇಟ್ಟಿಗೆ ಗಾರೆಗೆ ಹಾಕಿದರು. ಅಂದರೆ ಶಿರಾಜ್‌ಗೆ ಹಿಂತಿರುಗುವ ಯೋಚನೆ ಬಿಟ್ಟರು. 1891ರಲ್ಲಿ ತೀರಿಕೊಳ್ಳುವವರೆಗೂ ಅವರು ಬೆಂಗಳೂರಿನಲ್ಲೇ ಇದ್ದರು. ಹೆಸರಿನ ಜೊತೆಗಿದ್ದ ಶಿರಾಜಿ ಮಾತ್ರ ಉಳಿದುಕೊಂಡಿತು.

ಅರಮನೆಯ ಶಾಲೆ

ಎರಡನೇ ತಲೆಮಾರು ವ್ಯಾಪಾರದಿಂದ ಅರಮನೆಯ ಸೇವೆಯತ್ತ ಸರಿಯಿತು. ಅಲಿ ಅಸ್ಕರ್ ಅವರ ಮಗ ಆಗಾ ಜಾನ್ ಮಹಾರಾಜರ ಸೇವೆಯಲ್ಲಿದ್ದರು. ಅವರ ಮಗನಾಗಿ ಮಿರ್ಜಾ ಇಸ್ಮಾಯಿಲ್ 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಅದಕ್ಕೆ ಎರಡು ವರ್ಷ ಮೊದಲು, 1881ರಲ್ಲಿ, ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದ್ದರು.

1894ರ ಕೊನೆಯಲ್ಲಿ ಚಾಮರಾಜ ಒಡೆಯರು ಕಲ್ಕತ್ತಾದಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಂಡರು. ಬಾಲ ಮಹಾರಾಜರ ಶಿಕ್ಷಣದ ಹೊಣೆ ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿಗೆ ಸಿಕ್ಕಿತು. ರಾಜಕುಮಾರ ಒಬ್ಬನೇ ಕುಳಿತು ಕಲಿತರೆ ಲೋಕ ತಿಳಿಯುವುದಿಲ್ಲ ಎಂಬ ಕಾರಣಕ್ಕೆ ಆಯ್ದ ಕೆಲವು ಹುಡುಗರನ್ನು ಸಹಪಾಠಿಗಳಾಗಿ ಸೇರಿಸಲಾಯಿತು. ಅವರಲ್ಲೊಬ್ಬ ಮಿರ್ಜಾ. ಇಬ್ಬರ ನಡುವೆ ವಯಸ್ಸಿನಲ್ಲಿ ಒಂದು ವರ್ಷವೂ ವ್ಯತ್ಯಾಸವಿರಲಿಲ್ಲ.

ಓದು, ಆಟ, ಕುದುರೆ ಸವಾರಿ ಎಲ್ಲವೂ ಒಟ್ಟಿಗೆ ನಡೆದವು. ಮುಂದೆ ದಿವಾನಗಿರಿಯವರೆಗೆ ಹೋದ ನಂಟಿಗೆ ಬುನಾದಿ ಬಿದ್ದದ್ದು ಇಲ್ಲಿ. ಒಬ್ಬರು ಸಂಪ್ರದಾಯಸ್ಥ ಹಿಂದೂ ರಾಜಮನೆತನದವರು. ಇನ್ನೊಬ್ಬರು ಶಿಯಾ ಪಂಥದ ಪರ್ಷಿಯನ್ ಮೂಲದ ಮನೆಯವರು. ಅಂದರೆ ಮೈಸೂರಿನ ಅಲ್ಪಸಂಖ್ಯಾತ ಮುಸ್ಲಿಮರಲ್ಲೂ ಅಲ್ಪಸಂಖ್ಯಾತರು.

1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದ ಮಿರ್ಜಾ ಪೊಲೀಸ್ ಇಲಾಖೆಗೆ ಸಹಾಯಕ ಸೂಪರಿಂಟೆಂಡೆಂಟ್ ಆಗಿ ಸೇರಿದರು. 1908ರಲ್ಲಿ ಮಹಾರಾಜರು ಅವರನ್ನು ತಮ್ಮ ಕಚೇರಿಗೆ ಕರೆಸಿಕೊಂಡರು. ಸಹಾಯಕ ಕಾರ್ಯದರ್ಶಿಯಿಂದ ಹಂತ ಹಂತವಾಗಿ ಮೇಲೇರಿ, 1920ರ ದಶಕದ ಆರಂಭದಲ್ಲಿ ಖಾಸಗಿ ಕಾರ್ಯದರ್ಶಿಯಾದರು. ಅಲ್ಲಿಯವರೆಗೆ ಯುರೋಪಿಯನ್ನರು ಕೂರುತ್ತಿದ್ದ ಕುರ್ಚಿ ಅದು.

ಯಾರು ಮೈಸೂರಿಗ?

ಆಗಿನ ಮೈಸೂರಿನಲ್ಲಿ ಊರಿನವರು ಮತ್ತು ಹೊರಗಿನವರು ಎಂಬ ಜಗಳ ಜೋರಾಗಿಯೇ ಇತ್ತು. 1881ರ ನಂತರ ದೊಡ್ಡ ಹುದ್ದೆಗಳಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಂದವರೇ ಹೆಚ್ಚಿದ್ದರು. 18 ವರ್ಷ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಮಲಬಾರಿನ ಕಡೆಯವರು. ಮೈಸೂರಿನ ಹುದ್ದೆಗಳು ಮೈಸೂರಿನವರಿಗೇ ಸಿಗಬೇಕು ಎಂಬ ಕೂಗು ಎದ್ದದ್ದು ಈ ಹಿನ್ನೆಲೆಯಲ್ಲಿ. ಅದರ ಬೆನ್ನಿಗೇ ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಬೇಕೆಂಬ ಚಳವಳಿ ಬಂತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಆ ಬೇಡಿಕೆಗೆ ದಾರಿ ಮಾಡಿಕೊಟ್ಟಿತು.

ಈ ಲೆಕ್ಕದಲ್ಲಿ ಮಿರ್ಜಾ ಎಲ್ಲಿ ಬರುತ್ತಾರೆ? ತಾತ ಬಂದದ್ದು ಮದ್ರಾಸಿಗಿಂತ ಎಷ್ಟೋ ದೂರದ ದೇಶದಿಂದ. ಆದರೂ ಅವರು ಮೈಸೂರಿಗರ ಪಟ್ಟಿಯಲ್ಲೇ ಇದ್ದರು. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಇಲ್ಲೇ. ವಂಶ ಹೊರಟ ಜಾಗಕ್ಕಿಂತ ವಂಶ ನಿಂತ ಜಾಗವೇ ಮುಖ್ಯವಾಯಿತು. ನೋಡಹೋದರೆ ಮೈಸೂರಿನ ಹೆಮ್ಮೆಯಾದ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಹೆಸರು ಮೋಕ್ಷಗುಂಡಂ ಕೂಡ ಆಂಧ್ರದ ಊರಿನದು. ಅವರ ಪೂರ್ವಿಕರು ಅಲ್ಲಿಂದ ಬಂದು ಮುದ್ದೇನಹಳ್ಳಿಯಲ್ಲಿ ನೆಲೆಸಿದವರು. ಯಾರೂ ಅವರನ್ನು ಹೊರಗಿನವರೆನ್ನಲಿಲ್ಲ.

1926ರ ಮೇ ತಿಂಗಳಲ್ಲಿ ಮಿರ್ಜಾ ದಿವಾನರಾದಾಗ ಅವರಿಗೆ 42 ವರ್ಷ. 1881ರ ನಂತರ ಮೈಸೂರಿಗೆ ಬಂದ ದಿವಾನರಲ್ಲಿ ಮುಸ್ಲಿಂ ಎಂದರೆ ಅವರೊಬ್ಬರೇ. ಮೈಸೂರು ಪೇಟ ಧರಿಸಿದ ಅವರ ಭಾವಚಿತ್ರಗಳು ಇಂದಿಗೂ ಸಿಗುತ್ತವೆ. ಮಹಾರಾಜರು ಅವರಿಗೆ ಕೊಟ್ಟ ಬಿರುದು ಮಾತ್ರ ಅಮೀನ್-ಉಲ್-ಮುಲ್ಕ್. ತಲೆಯ ಮೇಲೆ ಮೈಸೂರು, ಬಿರುದಿನಲ್ಲಿ ಪರ್ಷಿಯನ್ ಛಾಯೆ. ಆ ದರ್ಬಾರಿನಲ್ಲಿ ಇವೆರಡಕ್ಕೂ ಜಾಗವಿತ್ತು.

ಗಣಪತಿ ಗಲಾಟೆ: ಮೊದಲ ಪರೀಕ್ಷೆ

ಆದರೆ ಎರಡೇ ವರ್ಷದಲ್ಲಿ ಈ ಒಪ್ಪಿಗೆ ಎಷ್ಟು ತೆಳುವಾದದ್ದು ಎಂಬುದು ಬಯಲಾಯಿತು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರಕ್ಕೆ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ನಾಯಕರ ಬಂಧನವಾಯಿತು, ಗಲಭೆ ಹಬ್ಬಿತು.

ಸಾಮಾನ್ಯ ದಿವಾನರಾಗಿದ್ದರೆ ಇದು ಪೊಲೀಸರ ಅತಿರೇಕದ ಪ್ರಶ್ನೆಯಾಗಿ ಮುಗಿಯುತ್ತಿತ್ತು. ದಿವಾನರು ಮುಸ್ಲಿಂ ಆಗಿದ್ದರಿಂದ ಅದು ಧರ್ಮದ ಪ್ರಶ್ನೆಯಾಯಿತು. ಸರ್ಕಾರದ ಪ್ರತಿಯೊಂದು ಹೆಜ್ಜೆಗೂ ದಿವಾನರ ಧರ್ಮವನ್ನು ತಳುಕು ಹಾಕಲಾಯಿತು. ಮೂರು ತಲೆಮಾರು, ನೂರು ವರ್ಷ ಕಳೆದಿದ್ದರೂ ಒಂದು ವಾರದ ಗಲಾಟೆ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿ ನಿಲ್ಲಿಸಿತು.

ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಸಮಿತಿ ಗಲಭೆಯ ಕಾರಣಗಳನ್ನು ಕೆದಕಿದ್ದಲ್ಲದೆ, ಜನರಿಗೆ ಜವಾಬ್ದಾರಿ ಸರ್ಕಾರ ಬೇಕೆಂಬ ಮಾತನ್ನೂ ಮುಂದಿಟ್ಟಿತು. ಮಹಾರಾಜರು ಮಾತ್ರ ತಮ್ಮ ದಿವಾನರನ್ನು ಕೈಬಿಡಲಿಲ್ಲ. ಮಿರ್ಜಾ ಮುಂದಿನ 13 ವರ್ಷ ಅದೇ ಹುದ್ದೆಯಲ್ಲಿದ್ದರು.

ತೋಟ, ಕಾರ್ಖಾನೆ, ಪುರಭವನ

ಆ ಅವಧಿಯಲ್ಲಿ ಮೈಸೂರಿನ ಚಹರೆಯೇ ಬದಲಾಯಿತು. ಕನ್ನಂಬಾಡಿ ಅಣೆಕಟ್ಟೆಯ ಕೆಳಗೆ ಬೃಂದಾವನ ಉದ್ಯಾನದ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಮಾದರಿಯಾಗಿದ್ದದ್ದು ಕಾಶ್ಮೀರದ ಶಾಲಿಮಾರ್ ತೋಟ. ಹಂತ ಹಂತವಾಗಿ ಇಳಿಯುವ ನೆಲ, ನಡುವೆ ಹರಿಯುವ ನೀರು, ಎರಡೂ ಕಡೆ ಸಮನಾದ ಹೂವಿನ ಪಾತಿ. ಮೊಘಲರು ಈ ವಿನ್ಯಾಸವನ್ನು ಪಡೆದದ್ದು ಪರ್ಷಿಯಾದ ತೋಟಗಳಿಂದ. ಶಿರಾಜ್ ನಗರವೇ ತೋಟಗಳಿಗೆ ಹೆಸರಾದ ಊರು. ಅಲ್ಲಿಂದ ಬಂದವರ ಮೊಮ್ಮಗ ಕಾವೇರಿಯ ದಡದಲ್ಲಿ ಅಂಥದ್ದೇ ತೋಟ ಮಾಡಿಸಿದರು.

ತೋಟ ರೂಪಿಸಿದ ಜಿ.ಎಚ್. ಕ್ರುಂಬಿಗಲ್ ಕೂಡ ವಲಸೆ ಬಂದವರೇ. ಜರ್ಮನಿಯ ಅವರು ಬರೋಡಾ ಮಾರ್ಗವಾಗಿ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದು, 1956ರಲ್ಲಿ ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ಮಂಡ್ಯದ ಕಬ್ಬಿಗೆ ಮತ್ತು ಸಕ್ಕರೆ ಕಾರ್ಖಾನೆಗೆ ದುಡಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೆನಡಾದವರು. ಆಗಿನ ಮೈಸೂರು ಯಾರಿಂದ ಕೆಲಸ ಆಗುತ್ತದೆ ಎಂದು ನೋಡುತ್ತಿತ್ತು.

ಉದ್ಯಮಗಳ ಸಾಲು ಇನ್ನೂ ಉದ್ದವಿದೆ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಆರಂಭವಾಯಿತು. ನಂತರದ ವರ್ಷಗಳಲ್ಲಿ ಭದ್ರಾವತಿಯ ಕಾಗದ ಮತ್ತು ಸಿಮೆಂಟ್ ಕಾರ್ಖಾನೆಗಳು, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುತ್ ದೀಪದ ಕಾರ್ಖಾನೆಗಳು, ಬೆಳಗೊಳದ ರಾಸಾಯನಿಕ ಗೊಬ್ಬರದ ಕಾರ್ಖಾನೆ ಬಂದವು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಸೇರಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಇಂದಿನ ಎಚ್‌ಎಎಲ್. ವಿಶ್ವೇಶ್ವರಯ್ಯನವರು ಹಾಕಿಕೊಟ್ಟ ಹಾದಿಯಲ್ಲಿ ಮಿರ್ಜಾ ವೇಗ ಹೆಚ್ಚಿಸಿದರು ಎನ್ನಬಹುದು. ಮೈಸೂರು ಬ್ರಿಟಿಷರಿಗೆ ವರ್ಷವರ್ಷ ಕಟ್ಟುತ್ತಿದ್ದ 35 ಲಕ್ಷ ರೂಪಾಯಿ ಪೊಗದಿ 24.5 ಲಕ್ಷಕ್ಕೆ ಇಳಿದದ್ದೂ ಅವರ ಕಾಲದಲ್ಲೇ.

ಊರು ಚೆಂದವಾಗಿರಬೇಕು ಎಂಬುದು ಅವರ ಹಟ. ರಸ್ತೆಯ ತಿರುವು, ಮರದ ಸಾಲು, ದೀಪದ ಕಂಬ ಯಾವುದೂ ದಿವಾನರ ಕಣ್ಣಿಗೆ ಚಿಕ್ಕದಾಗಿರಲಿಲ್ಲ. 1935ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಪುರಭವನ ಆ ಹಟದ ಗುರುತಾಗಿ ನಿಂತಿದೆ.

ಬಿಟ್ಟು ಹೇಳಬಾರದ ಅಧ್ಯಾಯ

ದಿವಾನರ ಆಡಳಿತದಲ್ಲಿ ಎಲ್ಲವೂ ಹೂವಿನ ಪಾತಿಯಾಗಿರಲಿಲ್ಲ. ಅಭಿವೃದ್ಧಿಗೆ ತೋರಿದ ಉತ್ಸಾಹವನ್ನು ಅವರು ಜನರಿಗೆ ಅಧಿಕಾರ ಕೊಡುವುದರಲ್ಲಿ ತೋರಲಿಲ್ಲ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಣೆಗೆ ನಂದಿ ಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದಾಗ ಸಂಸ್ಥಾನ ಅವರನ್ನು ಗೌರವದಿಂದ ನೋಡಿಕೊಂಡಿತ್ತು. ಮಿರ್ಜಾ ಮತ್ತು ಗಾಂಧೀಜಿ ನಡುವೆ ಸ್ನೇಹವಿತ್ತು. ಆದರೆ ಮೈಸೂರಿನ ಕಾಂಗ್ರೆಸ್ ಬಲಿತಂತೆ ಸರ್ಕಾರದ ಬಿಗಿಯೂ ಹೆಚ್ಚಿತು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಈ ರಕ್ತದ ಕಲೆ ಮಿರ್ಜಾ ಅವರ ದಾಖಲೆಯಿಂದ ಅಳಿಸಿಹೋಗುವುದಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ ಒಪ್ಪಂದವಾಯಿತು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು. ಅದನ್ನು ಇತಿಹಾಸದಲ್ಲಿ ಪಟೇಲ್-ಮಿರ್ಜಾ ಒಪ್ಪಂದ ಎಂದೇ ಕರೆಯುತ್ತಾರೆ.

ಒಂದು ವ್ಯತ್ಯಾಸ ಇಲ್ಲಿ ಮುಖ್ಯ. 1938ರ ಸಿಟ್ಟು ದಿವಾನಗಿರಿಯ ಮೇಲಿನ ಸಿಟ್ಟು. ಆಡಳಿತದ ತಪ್ಪಿಗೆ ಆಡಳಿತಗಾರರನ್ನು ಹೊಣೆ ಮಾಡುವುದು ಪ್ರಜೆಗಳ ಹಕ್ಕು. ಆಡಳಿತಗಾರರ ತಾತ ಎಲ್ಲಿಂದ ಬಂದರು, ಅವರ ದೇವರು ಯಾರು ಎಂದು ಲೆಕ್ಕ ಹಾಕುವುದು ಬೇರೆಯೇ ಮಾತು. 1928ರಲ್ಲಿ ಇವೆರಡೂ ಕಲಸಿಹೋಗಿದ್ದವು.

ಜೈಪುರದ ನಂತರ ಹೈದರಾಬಾದ್

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಬಾಲ್ಯದ ಗೆಳೆಯನಿಲ್ಲದ ಅರಮನೆಯಲ್ಲಿ ಹಳೆಯ ಹೊಂದಾಣಿಕೆ ಉಳಿಯಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಮರುವರ್ಷವೇ ಜೈಪುರದ ಪ್ರಧಾನಿಯಾದರು. ಕೋಟೆ ಗೋಡೆಯ ಹೊರಗೆ ಅಗಲವಾದ ರಸ್ತೆ ಬಂತು, ನಗರ ಹರಡಿತು. 1945ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಅಖಿಲ ಭಾರತ ಲೇಖಕರ ಸಮ್ಮೇಳನಕ್ಕೆ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್, ನೆಹರೂ, ಸರೋಜಿನಿ ನಾಯ್ಡು ಬಂದಿದ್ದರು. ಇಂದು ಜೈಪುರ ಎಂದ ಕೂಡಲೇ ಸಾಹಿತ್ಯ ಉತ್ಸವ ನೆನಪಾಗುವವರಿಗೆ ಆ ಹಳೆಯ ಸಮ್ಮೇಳನ ಗೊತ್ತಿರುವುದು ಕಡಿಮೆ. ಜೈಪುರದಲ್ಲಿ ಅವರು ನೂರಕ್ಕೆ ನೂರು ಹೊರಗಿನವರು. ಆದರೂ ಊರು ಅವರ ಹೆಸರನ್ನು ರಸ್ತೆಗೆ ಇಟ್ಟುಕೊಂಡಿತು.

1946ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಸರ್ಕಾರದ ಮುಖ್ಯಸ್ಥರಾದರು. ಬೀದರ್, ಗುಲ್ಬರ್ಗ, ರಾಯಚೂರು ಆಗ ನಿಜಾಮರ ಆಡಳಿತದಲ್ಲಿದ್ದವು. ಹೀಗಾಗಿ ಮಿರ್ಜಾ ಮತ್ತೆ ಲಕ್ಷಾಂತರ ಕನ್ನಡಿಗರಿದ್ದ ಸಂಸ್ಥಾನದ ಆಡಳಿತಕ್ಕೆ ಬಂದರು. ರಾಜನೂ ಮುಸ್ಲಿಂ, ಪ್ರಧಾನಿಯೂ ಮುಸ್ಲಿಂ. ಇಲ್ಲಿ ಅವರಿಗೆ ಸಲೀಸಾಗಿರಬೇಕಿತ್ತು. ಆದದ್ದು ತದ್ವಿರುದ್ಧ.

ಅವರ ನೇಮಕವನ್ನು ಜಿನ್ನಾ ಬಲವಾಗಿ ವಿರೋಧಿಸಿದರು. ಕಾರಣ, ದೇಶ ಒಡೆಯುವ ವಾದವನ್ನು ಮಿರ್ಜಾ ಒಪ್ಪಿರಲಿಲ್ಲ. ಹೈದರಾಬಾದ್ ಭಾರತದ ಜೊತೆ ಹೊಂದಿಕೊಂಡು ಹೋಗಬೇಕೆಂಬುದು ಅವರ ನಿಲುವು. ಇತ್ತೆಹಾದ್-ಉಲ್-ಮುಸ್ಲಿಮೀನ್ ಸಂಘಟನೆಗೆ ಇದು ಸಹಿಸಲಾಗದ ಮಾತು. ಜೊತೆಗೆ ಆ ಸಂಸ್ಥಾನದಲ್ಲಿ ಮುಲ್ಕಿ, ಗೈರ್‌ಮುಲ್ಕಿ ಎಂಬ ಭೇದ ಹಿಂದಿನಿಂದಲೂ ಇತ್ತು. ಮುಲ್ಕಿ ಎಂದರೆ ಆ ನಾಡಿನವರು, ಗೈರ್‌ಮುಲ್ಕಿ ಎಂದರೆ ಹೊರಗಿನವರು. ಬೆಂಗಳೂರಿನ ಮಿರ್ಜಾ ಅಲ್ಲಿ ಗೈರ್‌ಮುಲ್ಕಿ. ಒಂದು ವರ್ಷವೂ ತುಂಬುವ ಮೊದಲೇ, 1947ರ ಮೇನಲ್ಲಿ, ಅವರು ಹುದ್ದೆ ಬಿಟ್ಟು ಬಂದರು. ನಂತರದ ಹದಿನಾರು ತಿಂಗಳಲ್ಲಿ ಹೈದರಾಬಾದ್ ಯಾವ ದಾರಿ ಹಿಡಿಯಿತು, ರಜಾಕಾರರ ಹಾವಳಿ ಏನು ಮಾಡಿತು, 1948ರ ಸೆಪ್ಟೆಂಬರ್‌ನಲ್ಲಿ ಏನಾಯಿತು ಎಂಬುದು ಕಲ್ಯಾಣ ಕರ್ನಾಟಕದ ಹಿರಿಯರಿಗೆ ಬಾಯಿಪಾಠ.

ಮೂರೂ ಸಂಸ್ಥಾನಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಧರ್ಮ ಬೇರೆಯಾಗಿದ್ದ ಮೈಸೂರು 15 ವರ್ಷ ಇಟ್ಟುಕೊಂಡಿತು. ಧರ್ಮ, ನಾಡು ಎರಡೂ ಬೇರೆಯಾಗಿದ್ದ ಜೈಪುರ ನಾಲ್ಕು ವರ್ಷ ಇಟ್ಟುಕೊಂಡಿತು. ರಾಜನ ಧರ್ಮವೂ ಅವರದೂ ಒಂದೇ ಆಗಿದ್ದ ಹೈದರಾಬಾದ್ ಹತ್ತು ತಿಂಗಳೂ ಇಟ್ಟುಕೊಳ್ಳಲಿಲ್ಲ.

ಮರಳಿ ಬೆಂಗಳೂರಿಗೆ

1947ರಲ್ಲಿ ಲಕ್ಷಾಂತರ ಜನ ಧರ್ಮದ ಆಧಾರದ ಮೇಲೆ ದೇಶ ಬದಲಿಸಿದರು. ಆಡಳಿತದ ಅನುಭವವಿದ್ದ ಮುಸ್ಲಿಂ ಅಧಿಕಾರಿಗಳಿಗೆ ಹೊಸ ದೇಶದಲ್ಲಿ ದೊಡ್ಡ ಅವಕಾಶವಿತ್ತು. ಮಿರ್ಜಾ ಬೆಂಗಳೂರು ಬಿಡಲಿಲ್ಲ. ತಾತ ಒಮ್ಮೆ ವಲಸೆ ಬಂದದ್ದೇ ಸಾಕೆಂದು ಮೊಮ್ಮಗನಿಗೆ ಅನ್ನಿಸಿರಬೇಕು. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವು ಕಾರ್ಯಕ್ರಮದ ಪ್ರತಿನಿಧಿಯಾಗಿ ಇಂಡೋನೇಷ್ಯಾಕ್ಕೆ ಹೋಗಿ, ಮತ್ತೆ ಮನೆಗೇ ಬಂದರು. 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷ್‌ನಲ್ಲಿ ಪ್ರಕಟಿಸಿದರು.

1959ರ ಜನವರಿ 5ರಂದು ಬೆಂಗಳೂರಿನ ತಮ್ಮ ಮನೆ ವಿಂಡ್ಸರ್ ಲಾಡ್ಜ್‌ನಲ್ಲಿ ನಿಧನರಾದರು. ಆಗ ಅವರಿಗೆ 75 ವರ್ಷ. ಅದಕ್ಕೆ ಎರಡು ವರ್ಷ ಮೊದಲಷ್ಟೇ, 1956ರ ನವೆಂಬರ್‌ನಲ್ಲಿ, ಅವರು ದುಡಿದ ಎರಡು ಸಂಸ್ಥಾನಗಳ ಕನ್ನಡ ಪ್ರದೇಶಗಳು ಒಂದೇ ರಾಜ್ಯವಾಗಿ ಸೇರಿದ್ದವು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆಸಿರುವ ಕನ್ನಡಿಗರಿಗೆ ಈ ಬದುಕು ದೂರದ್ದೇನಲ್ಲ. ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದಾಗ ಹುಟ್ಟಿದ ಊರು ಹೇಳಬೇಕೋ, ಅಜ್ಜ ಬಿಟ್ಟುಬಂದ ಊರು ಹೇಳಬೇಕೋ ಎಂದು ಅಲ್ಲಿನ ಮಕ್ಕಳೂ ಒಂದು ಕ್ಷಣ ತಡೆಯುತ್ತಾರೆ. ಅಲಿ ಅಸ್ಕರ್ ಶಿರಾಜಿಯವರು ಹೆಸರಿನಲ್ಲಿ ಹಳೆಯ ಊರನ್ನು ಉಳಿಸಿಕೊಂಡು ಹೊಸ ಊರಿನಲ್ಲಿ ಮನೆ ಕಟ್ಟಿದರು. ಮೊಮ್ಮಗ ಆ ಹೊಸ ಊರಿಗೆ ರಸ್ತೆ, ತೋಟ, ಕಾರ್ಖಾನೆ ಕೊಟ್ಟರು. ಇಷ್ಟಾದ ಮೇಲೂ ಅವರು ಎಲ್ಲಿಯವರು ಎಂದು ಕೇಳುವವರು ಇದ್ದರು. ಮಂಡ್ಯದ ಕಬ್ಬಿನ ಗದ್ದೆಗಳಾಗಲಿ, ಬೆಂಗಳೂರಿನ ಪುರಭವನದ ಮೆಟ್ಟಿಲುಗಳಾಗಲಿ ಅವರನ್ನು ಆ ಪ್ರಶ್ನೆ ಕೇಳಲಿಲ್ಲ.